ಮೇಣದ ಮೇಲಿನ ಹೆಬ್ಬೆರಳು

ಗಂಡ ತೀರಿಹೋದ ಮೇಲೆ ಅವರ ಹಳೆಯ ಹಾಥಾರ್ನ್ ಎಂಬ ಮುಳ್ಳುಗಿಡದ ಬೋನ್ಸಾಯ್ ಒಣಗತೊಡಗಿತು. ಅದೂ ಹೋಗಿಬಿಟ್ಟರೆ ಎಂಬ ದಿಗಿಲಿಗೆ ಕೂತಲ್ಲಿ ಕೂರಲಾಗದೆ, ಒಂದು ಮಧ್ಯಾಹ್ನ ನಾನೇ ಕುಂಡ ಬದಲಿಸಲು ಹೊರಟೆ. ಬಾಲ್ಕನಿಯಲ್ಲಿ ಚಳಿಯಿತ್ತು. ಬೇರಿನ ಮುದ್ದೆ ಮಾತ್ರ ಈಗಷ್ಟೇ ಯಾರೋ ಹಿಡಿದು ಬಿಟ್ಟ ಹಾಗೆ ಬೆಚ್ಚಗಿತ್ತು.

“ಆ ಕೆಳಗಿನ ಕೊಂಬೆ ಮುಟ್ಟಬೇಡ್ವೇ,” ಬಾಗಿಲಲ್ಲಿ ನಿಂತು ಅತ್ತೆ ಅಂದರು. “ಅವನಿಗೆ ಅದರ ಮೇಲೆ ಪ್ರಾಣ. ಹೆತ್ತವಳನ್ನೂ ಅಷ್ಟು ನೋಡ್ಕೊಳ್ಳಲಿಲ್ಲ.”

“ಅದು ಕೊಳೀತಿದೆ ಅತ್ತೆ. ಬಿಟ್ಟರೆ ಗಿಡಾನೂ ಹೋಗುತ್ತೆ.”

ಕತ್ತರಿಸಿದೆ. ಕಡಿದ ಗಾಯ ಮುಚ್ಚಲು ಅಂದೇ ತಂದ ಮೇಣವನ್ನು ಕಡ್ಡಿಯಿಂದ ಸವರಿದೆ. ಮುಳ್ಳಿಗೆ ಹೆದರಿ ಹಾಕಿದ್ದ ದಪ್ಪ ಕೈಗವಸು ಇನ್ನೂ ತೆಗೆದಿರಲಿಲ್ಲ. ಚೆಲ್ಲಿದ ಮಣ್ಣು ಗುಡಿಸಿ ತಿರುಗುವಷ್ಟರಲ್ಲಿ ಮೇಣದ ಮೇಲೆ ಹೆಬ್ಬೆರಳಿನ ಗುರುತಿತ್ತು. ನಡುವೆ ಓರೆಯಾಗಿ ಒಂದು ಗೀರು. ಕತ್ತರಿ ತಗುಲಿ ನನ್ನ ಗಂಡನ ಹೆಬ್ಬೆರಳಲ್ಲೂ ಅಂಥದೇ ಕಲೆಯಿತ್ತು.

“ಅವನ ಹಾಗೆ ಬೆರಳಲ್ಲೇ ಒತ್ತಿದೆಯಾ?” ಅತ್ತೆ ಬಗ್ಗಿ ನೋಡಿದರು. ನಾನು ಗವಸಿನ ಕೈ ತೋರಿಸಿದೆ.

ಗಿಡ ಈಗ ಚಿಗುರಿದೆ. ಒಂದೇ ದಿನದಲ್ಲಿ ಗಟ್ಟಿಯಾಗಬೇಕಿದ್ದ ಆ ಮೇಣ ಮಾತ್ರ ಇವತ್ತಿಗೂ ಮೆತ್ತಗಿದೆ, ಬೆಚ್ಚಗಿದೆ.