ಎದೆಮಟ್ಟಕ್ಕೆ ಬಂದ ಚೆಂಡು

"ಅಯ್ಯೋ ಪುಣ್ಯಾತ್ಮ, ಕೈಯಲ್ಲಿರೋದು ಬ್ಯಾಟೋ ಸೌಟೋ?"

ಪಾವನಾ ಇದನ್ನು ಮೆಲ್ಲಗೇನೂ ಹೇಳಲಿಲ್ಲ. ಸ್ವೀಡನ್ನಿನ ಎಸ್ಕಿಲ್‌ಸ್ಟುನಾದ ಬೇಸ್‌ಬಾಲ್ ಮೈದಾನದಲ್ಲಿ ಕನ್ನಡದ ಬೈಗುಳ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ. ಮೂರು ವರ್ಷದಿಂದ ಭಾನುವಾರ ಬಂದರೆ ಸಾಕು, ಬೇಲಿಯ ಪಕ್ಕದ ಬೆಂಚು, ಫ್ಲಾಸ್ಕಿನಲ್ಲಿ ಕಾಫಿ, ತೊಡೆಯ ಮೇಲೆ ಸ್ಕೋರ್ ಪುಸ್ತಕ. ಬಾಯಂತೂ ಸುಮ್ಮನಿರುತ್ತಿರಲಿಲ್ಲ.

ಔಟಾಗಿ ಬರುತ್ತಿದ್ದ ಹೊಸ ಬ್ಯಾಟರ್ ಬೇಲಿಯ ಬಳಿ ನಿಂತ. ಹೆಲ್ಮೆಟ್ ತೆಗೆದ.

"ಬ್ಯಾಟೇ ಮೇಡಂ. ಬೇಕಿದ್ರೆ ಮುಟ್ಟಿ ನೋಡಿ."

ಅವಳು ಇಂಗು ತಿಂದ ಮಂಗನಂತಾದಳು. 'ದೇವರೇ... ಇವನು ನಮ್ಮವನಾ?'

"ಕಾರ್ತಿಕೇಯ," ಎಂದ ಅವನು. ನಗುತ್ತಲೇ ಎಡಗಣ್ಣು ಉಜ್ಜಿಕೊಂಡ. ಧೂಳು ಬಿದ್ದಿರಬೇಕು ಎಂದುಕೊಂಡಳು ಪಾವನಾ.

ಧೂಳಾಗಿರಲಿಲ್ಲ.

ಅದು ಆಗಸ್ಟ್ ಮೊದಲ ವಾರ. ಆಮೇಲಿನ ಭಾನುವಾರಗಳಲ್ಲಿ ಆಟ ಮುಗಿದ ಮೇಲೆ ಇಬ್ಬರಿಗೂ ಒಂದೇ ಬೆಂಚು, ಒಂದೇ ಫ್ಲಾಸ್ಕು. ಅವನು ಊರಿನ ಕಾರ್ಖಾನೆಯೊಂದರಲ್ಲಿ ಮನೆಯೆತ್ತರದ ಮಣ್ಣೆತ್ತುವ ಯಂತ್ರಗಳನ್ನು ಓಡಿಸಿ ಪರೀಕ್ಷಿಸುವವನು. ಕಾಲೇಜಿನಲ್ಲಿ ಕ್ರಿಕೆಟ್ ಆಡಿದ್ದ ಕೈ. ಅವಳು ಸಾಫ್ಟ್‌ವೇರ್‌ನವಳು. ಬಂದ ಹೊಸದರಲ್ಲಿ ಮಾತಿಗೊಬ್ಬರಿಲ್ಲದ ಭಾನುವಾರ ಕಳೆಯಲು ಮೈದಾನಕ್ಕೆ ಬಂದವಳು ಆಟಕ್ಕೇ ಅಂಟಿಕೊಂಡಿದ್ದಳು.

"ನಮ್ಮ ಪಿಚರ್ ಪಾಪ ಭುಜ ಕಿತ್ತುಹೋಗೋ ಹಾಗೆ ಎಸೀತಾನೆ. ನೀವುಗಳು ನೋಡಿದ್ರೆ ಗಾಳಿ ಬೀಸ್ಕೊಂಡು ವಾಪಸ್ ಬರ್ತೀರ. ಒಂದು ಹಿಟ್ ಕೊಡ್ರಪ್ಪ ಯಾರಾದ್ರೂ."

"ಕೊಡ್ತೀನಿ ಪಾವನಾ ಅವ್ರೇ. ನಿಮಗೋಸ್ಕರಾನೇ ಕೊಡ್ತೀನಿ."

ಆ ಮಾತಿಗೆ ಅವಳ ಕೆನ್ನೆ ಕೆಂಪಾಯಿತು. ಆದರೆ ಹಿಟ್ ಬರಲಿಲ್ಲ. ಸೆಪ್ಟೆಂಬರ್ ಬಂತು, ಸಂಜೆ ಬೇಗ ಕವಿಯತೊಡಗಿತು. ಐದು ಪಂದ್ಯಕ್ಕೆ ಇಡೀ ತಂಡದ ರನ್ನು ನಾಲ್ಕು! ಕೊನೆಯ ಪಂದ್ಯ ಸೋತರೆ ತಂಡ ಕೆಳಗಿನ ದರ್ಜೆಗೆ.

ಕಾರ್ತಿಕೇಯ ಬರಬರುತ್ತಾ ಮಾತು ಕಡಿಮೆ ಮಾಡಿದ. ಒಂದು ದಿನ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡ. ಇನ್ನೊಂದು ದಿನ ಇವಳು ಎಡಗಡೆಯಿಂದ ಬಂದು ಭುಜ ಮುಟ್ಟಿದರೆ ಬೆಚ್ಚಿಬಿದ್ದ. "ನಿದ್ದೆ ಕಮ್ಮಿ," ಎಂದು ತೇಲಿಸಿಬಿಟ್ಟ.

ಕೊನೆಯ ಪಂದ್ಯದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಪಾವನಾ ಸ್ಕೋರ್ ಪುಸ್ತಕ ಬಿಚ್ಚಿ ಕೂತಳು. ತಂಡದ ಹಿಟ್ಟಿಂಗ್ ಯಾಕೆ ಇಷ್ಟು ಸೊರಗಿತು ಎಂದು ತಿಳಿಯುವ ಹಟ. ಪ್ರತಿ ಚೆಂಡೂ ಎಷ್ಟೆತ್ತರಕ್ಕೆ ಬಂತೆಂದು ಪುಟ್ಟ ಬಾಣದ ಗುರುತು ಹಾಕುವುದು ಅವಳದೇ ಅಭ್ಯಾಸ.

ಕಾರ್ತಿಕೇಯನ ಪುಟಕ್ಕೆ ಬಂದಾಗ ಬೆರಳು ನಿಂತಿತು.

ಮೊಣಕಾಲಿನ ಮಟ್ಟದ ಚೆಂಡು ಆಗೊಮ್ಮೆ ಈಗೊಮ್ಮೆ ತಾಗಿದೆ. ಎದೆಮಟ್ಟಕ್ಕೆ ಬಂದದ್ದು... ಆಗಸ್ಟ್ ಕೊನೆಯಿಂದ ಒಂದೂ ತಾಗಿಲ್ಲ. ಹತ್ತೊಂಬತ್ತು ಚೆಂಡು. ಒಂದಕ್ಕೂ ಬ್ಯಾಟು ಸಮಯಕ್ಕೆ ಏಳಲಿಲ್ಲ.

ಇದು ಫಾರ್ಮ್ ಹೋದವನ ಆಟವಲ್ಲ.

ಅಭ್ಯಾಸಕ್ಕೆ ಬಂದವನನ್ನು ಮೈದಾನದ ಗೇಟಿನಲ್ಲೇ ತಡೆದಳು.

"ನಿಮಗೆ ಮೇಲಿಂದ ಬರೋದು ಕಾಣಲ್ಲ ಅಲ್ವಾ?"

ಅವನು ಹೆಗಲಿನ ಚೀಲ ಕೆಳಗಿಳಿಸಿದ. "ಎಡಗಣ್ಣಲ್ಲಿ... ಮೊದಲು ಮಿಂಚು ಹೊಡೆದ ಹಾಗೆ ಆಗ್ತಿತ್ತು. ಈಗ ಮೇಲಿಂದ ಕಪ್ಪು ಪರದೆ ಇಳೀತಿದೆ. ದಿನಾ ಸ್ವಲ್ಪ ಸ್ವಲ್ಪ. ಬ್ಯಾಟ್ ಹಿಡಿದು ನಿಂತ್ರೆ ಪಿಚರ್ ಕಡೆಗಿರೋದು ಅದೇ ಕಣ್ಣು."

"ಡಾಕ್ಟರ್ ಹತ್ರ ಯಾಕೆ ಹೋಗ್ಲಿಲ್ಲ?"

"ಕಣ್ಣು ಸರಿ ಇಲ್ಲ ಅಂತ ಗೊತ್ತಾದ್ರೆ ಯಂತ್ರ ಓಡಿಸಕ್ಕೆ ಬಿಡ್ತಾರಾ? ಕೆಲಸ ಹೋದ್ರೆ ಈ ದೇಶದಲ್ಲಿರೋ ಪರ್ಮಿಟ್ ಹೋಯ್ತು. ಪರ್ಮಿಟ್ ಹೋದ್ರೆ ನಾನು ಇಲ್ಲಿಂದ..." ಅವಳ ಕಡೆ ನೋಡಿದ. "ನಿಮ್ಮನ್ನ ಬಿಟ್ಟು ಹೋಗ್ಬೇಕು. ನಾಳೆ ಒಂದು ಮ್ಯಾಚ್ ಆಡ್ತೀನಿ. ಸೋಮವಾರ ಖಂಡಿತ ತೋರಿಸ್ತೀನಿ. ಕೋಚ್‌ಗೆ ಹೇಳ್ಬೇಡಿ, ಪ್ಲೀಸ್."

ಪಾವನಾ ಒಪ್ಪಿಬಿಟ್ಟಳು! ಪರ್ಮಿಟ್ಟಿನ ಕಾಗದಕ್ಕೆ ಜೀವ ನೇತುಹಾಕಿಕೊಂಡವರು ಮಾತ್ರ ಮಾಡುವ ದಡ್ಡತನ ಇದು. ತನ್ನ ಕಾಗದಕ್ಕೂ ಹೀಗೇ ಹೆದರಿ, ಜ್ವರ ಬಂದರೂ ಲ್ಯಾಪ್‌ಟಾಪ್ ತೆರೆದವಳು ಅವಳು. ಅದಕ್ಕಿಂತ ಹೇಳಲು ನಾಚಿಕೆಯಾಗುವ ಇನ್ನೊಂದು ಆಸೆಯೂ ಒಳಗಿತ್ತು. ಅವಳಿಗೂ ಗೆಲುವು ಬೇಕಿತ್ತು.

ಭಾನುವಾರ ಮಧ್ಯಾಹ್ನ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. ಕೊನೆಯ ಇನ್ನಿಂಗ್ಸ್. ಒಂದು ರನ್ ಹಿಂದೆ, ಇಬ್ಬರು ಆಗಲೇ ಔಟ್. ಎರಡನೆಯ ಮತ್ತು ಮೂರನೆಯ ಬೇಸಿನಲ್ಲಿ ತಂಡದ ಇಬ್ಬರು ಓಡಲು ಕಾದಿದ್ದರು. ಒಂದೇ ಒಂದು ಹಿಟ್ ಬಿದ್ದರೆ ತಂಡ ಉಳಿಯುತ್ತದೆ. ಬ್ಯಾಟ್ ಹಿಡಿದು ನಿಂತವನು ಕಾರ್ತಿಕೇಯ.

ಎದುರಾಳಿ ಪಿಚರ್ ಅವತ್ತಿನ ಅತ್ಯಂತ ವೇಗದ ಚೆಂಡು ಎಸೆದ. ಅದು ಕೈತಪ್ಪಿ ಮೇಲಕ್ಕೆ ಹಾರಿತು. ಬೆಂಚಿನಲ್ಲಿದ್ದವರೆಲ್ಲ ಕೂಗಿಕೊಂಡರು. ಚೆಂಡು ಕಾರ್ತಿಕೇಯನ ಮೂಗಿನ ಮುಂದೆ ನಾಲ್ಕು ಬೆರಳು ಅಂತರದಲ್ಲಿ ಸುಯ್ಯೆಂದು ಹೋಯಿತು.

ಅವನು ಕದಲಲೇ ಇಲ್ಲ.

'ಭಲೇ ಗಟ್ಟಿಗ' ಎಂಬಂತೆ ಜನ ಚಪ್ಪಾಳೆ ತಟ್ಟಿದರು. ಪಾವನಾ ಬೆಂಚಿನಿಂದ ಎದ್ದು ನಿಂತಳು. ಅವನು ಹೆದರದೆ ನಿಂತಿದ್ದಲ್ಲ. ಅವನಿಗೆ ಚೆಂಡು ಬಂದದ್ದೇ ಗೊತ್ತಾಗಲಿಲ್ಲ. ಮುಂದಿನದು ನಾಲ್ಕು ಬೆರಳು ಈಚೆ ಬಂದರೆ...?

ಕೊಟ್ಟ ಮಾತು, ಪರ್ಮಿಟ್ಟು, ತಂಡ ಯಾವುದೂ ನೆನಪಾಗಲಿಲ್ಲ. ಗೇಟು ತಳ್ಳಿ ಮೈದಾನದೊಳಗೆ ಓಡಿದಳು.

"ಆಟ ನಿಲ್ಲಿಸಿ! ಅವನಿಗೆ ಎಡಗಣ್ಣಲ್ಲಿ ಚೆಂಡು ಕಾಣ್ತಿಲ್ಲ!" ಬಂದಷ್ಟು ಸ್ವೀಡಿಷ್‌ನಲ್ಲೇ ಅರಚಿದಳು.

ಕೋಚ್ ಊಲ್ಫ್ ಕಾರ್ತಿಕೇಯನ ಹತ್ತಿರ ಹೋಗಿ ಬಲಗಣ್ಣು ಮುಚ್ಚಿಸಿ ಮುಖದ ಮುಂದೆ ಕೈಯೆತ್ತಿದ. "ಎಷ್ಟು ಬೆರಳು?" ಉತ್ತರ ಬರಲಿಲ್ಲ. ಅಲ್ಲಿಗೆ ಮುಗಿಯಿತು.

ಊಲ್ಫ್‌ನ ಕಾರು ಹತ್ತುವ ಮುನ್ನ ಕಾರ್ತಿಕೇಯ ಒಂದೇ ಮಾತು ಹೇಳಿದ. "ಎಲ್ಲಾ ಮುಗಿಸಿಬಿಟ್ರಿ ಪಾವನಾ." ಕಾರು ಆಸ್ಪತ್ರೆಯ ದಾರಿ ಹಿಡಿಯಿತು. ಅವನ ಬದಲು ಬಂದ ಹುಡುಗ ಮೂರು ಸಲ ಗಾಳಿ ಬೀಸಿ ಔಟಾದ. ತಂಡ ಕೆಳಗಿಳಿಯಿತು. ಪಾವನಾ ಅದನ್ನು ಬರೆದುಕೊಳ್ಳಲಿಲ್ಲ.

ಮೂರು ದಿನ ಅವನ ಫೋನ್ ಆಫ್. ಊಲ್ಫ್ ಹೇಳಿದ್ದಿಷ್ಟೆ, ಕಣ್ಣಿನ ಒಳಪೊರೆ ಕಳಚಿತ್ತು, ಸೋಮವಾರವೇ ಆಪರೇಷನ್ ಆಯಿತು, ಮನೆಗೆ ಬಂದಿದ್ದಾನೆ. 'ಅವನ ಬದುಕು ಹಾಳುಮಾಡಿದೆನಾ? ನನ್ನ ಮುಖವನ್ನೇ ನೋಡಲ್ಲ ಅಂದರೆ?' ಗುರುವಾರ ಆಫೀಸಿಗೆ ರಜೆ ಹಾಕಿ, ತಿಳಿಸಾರು ಡಬ್ಬಿಗೆ ತುಂಬಿಕೊಂಡು ಅವನ ಮನೆಗೆ ಹೋದಳು.

ಬಾಗಿಲು ತೆರೆದವನು ತಲೆ ತಗ್ಗಿಸಿಯೇ ನಿಂತಿದ್ದ. ಅವಳ ಮುಖ ನೋಡಲಿಲ್ಲ.

ಅವಳು ಡಬ್ಬಿ ಮುಂದೆ ಹಿಡಿದಳು. "ಅಷ್ಟು ಕೋಪಾನಾ? ಸರಿ... ಸಾರು ಇಟ್ಟು ಹೋಗ್ತೀನಿ."

"ಕೋಪ ಅಲ್ಲ. ಒಳಪೊರೆ ಕೂತ್ಕೊಳ್ಳಲಿ ಅಂತ ಕಣ್ಣೊಳಗೆ ಗಾಳಿಗುಳ್ಳೆ ಬಿಟ್ಟಿದಾರೆ. ಇನ್ನೂ ನಾಲ್ಕು ದಿನ ತಲೆ ಎತ್ತೋ ಹಾಗಿಲ್ಲ. ಫೋನೂ ನೋಡ್ಲಿಲ್ಲ." ಅವನ ದನಿ ಒಡೆಯಿತು. "ಆ ಚೆಂಡು ತಾಗಿದ್ರೆ ಕಣ್ಣು ಉಳೀತಾನೇ ಇರ್ಲಿಲ್ವಂತೆ. ಮುಗಿಸಿಬಿಟ್ರಿ ಅಂದೆ ನಾನು... ಯಾವ ಬಾಯಲ್ಲಿ ಅಂದೆನೋ."

"ಕೆಲಸ?"

"ಗೊತ್ತಿಲ್ಲ. ಸದ್ಯಕ್ಕೆ ಸಿಕ್ ಲೀವ್. ಯಂತ್ರ ಓಡಿಸೋದಂತೂ ಕಷ್ಟ. ಕಣ್ಣು ಎಷ್ಟು ವಾಪಸ್ ಬರತ್ತೋ ಅದೂ ಗೊತ್ತಿಲ್ಲ. ಇಂಥವನ ಜೊತೆ ನಿಮಗ್ಯಾಕೆ..."

ಪಾವನಾ ಡಬ್ಬಿ ಪಕ್ಕಕ್ಕಿಟ್ಟಳು. ಸೀದಾ ಅವನ ಕಾಲ ಬಳಿ ನೆಲದ ಮೇಲೆ ಅಂಗಾತ ಮಲಗಿಬಿಟ್ಟಳು, ಮೇಲಂಗಿ ಸಮೇತ. ಅವನು ಮೆಲ್ಲನೆ ಮಂಡಿಯೂರಿದ. ತಗ್ಗಿಸಿದ ಅವನ ಮುಖ, ಅವಳ ಮುಖದ ನೇರಕ್ಕೆ ಬಂತು. ಇಬ್ಬರ ಕಣ್ಣೂ ತುಂಬಿದವು.

"ನೀನಿಲ್ಲಿ ಇರೋಷ್ಟು ದಿನ ನಾನೂ ಇಲ್ಲೇ. ಹೋಗ್ಬೇಕಾದ್ರೆ ಇಬ್ರೂ ಹೋಗೋಣ," ಎಂದಳು. "ನೀನಂದ್ರೆ ನನಗಿಷ್ಟ ಕಾರ್ತಿ. ತುಂಬಾ."

ಅವನ ಕಣ್ಣೀರು ಅವಳ ಕೆನ್ನೆಯ ಮೇಲೆ ಬಿತ್ತು.

"ನಾನು ಕಾಣ್ತಿದೀನಾ?" ಎಂದು ಕೇಳಿದಳು.

"ಬಲಗಣ್ಣಲ್ಲಿ ಪೂರ್ತಿ."

"ಎಡಗಣ್ಣಲ್ಲಿ?"

"ಬಂದಿದೀಯ ಅಂತ ಗೊತ್ತಾಗ್ತಿದೆ."