ಸಾಕ್ಷಿ ಕನ್ನಡಿ

ಹೋದ ವಾರ ‘ಈ ಕತೆ ಒಂದು ಮಂಗಳವಾರ ಲ್ಯಾಬಿನಲ್ಲಿ ನಡೆದದ್ದು’ ಎಂದು ಶುರುಮಾಡಿದ್ದಕ್ಕೆ, ‘ಅಜ್ಜನಿಗೆ ಅರಳುಮರಳು, ದಿನವನ್ನೇ ತಪ್ಪು ಹೇಳಿದ’ ಅಂತ ಮೆಸೇಜ್ ಹಾಕಿದವರು ಯಾರು? ಕಿವಿ ಹಿಂಡಬೇಕು ನಿಮಗೆ. ಮಂಗಳವಾರ ಎಂದರೆ ಮಂಗಳವಾರವೇ. ಅಮೆರಿಕದ ಬೋಲ್ಡರ್ ಊರಿನಲ್ಲಿ ಮೊಣಕಾಲುದ್ದ ಹಿಮ ಬಿದ್ದು ಶಾಲೆಗೆ ರಜೆ ಕೊಟ್ಟಿದ್ದರು. ಇಲ್ಲದಿದ್ದರೆ ಹತ್ತು ವರ್ಷದ ಹೆಟ್ಟಿ ಅಮ್ಮನ ಲ್ಯಾಬಿನಲ್ಲಿ ಯಾಕಿರುತ್ತಿದ್ದಳು? ಬಾಯಿ ಮುಚ್ಚಿಕೊಂಡು ಕೇಳಿ.

“ಗಡ್ಡಕ್ಕೂ ಟೋಪಿನಾ?” ಎಂದು ಹೆಟ್ಟಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ನಗು, ನಗು. ಈ ಗಡ್ಡದ ಒಂದು ಕೂದಲು ಒಳಗೆ ಬಿದ್ರೆ ನಿಮ್ಮಮ್ಮ ನನ್ನನ್ನೇ ರಾಕೆಟ್ಟಿಗೆ ಕಟ್ಟಿ ಹಾರಿಸ್ತಾಳೆ,” ಎಂದ ಅರ್ಲೊ. ಲ್ಯಾಬಿನಲ್ಲಿ ಉಪಕರಣ ಜೋಡಿಸುವವನು ಅವನೇ. ಅರವತ್ತು ವರ್ಷ, ಆನೆಯಂಥ ಮೈ, ಗಡ್ಡಕ್ಕೊಂದು ಬಲೆ.

ಗಾಜಿನ ಗೋಡೆಯ ಆಚೆ, ಒಳಕೋಣೆಯಲ್ಲಿ, ಉದ್ದನೆಯ ದೂರದರ್ಶಕ ಮಲಗಿತ್ತು. ಹೆಟ್ಟಿಯ ಅಮ್ಮ ಮರಿಯನ್ ಖಗೋಳ ವಿಜ್ಞಾನಿ. ಅದನ್ನು ಕಟ್ಟಲು ಅವರಿಗೆ ನಾಲ್ಕು ವರ್ಷ ಹಿಡಿದಿತ್ತು. ಇನ್ನು ಮೂರು ವಾರಕ್ಕೆ ನ್ಯೂ ಮೆಕ್ಸಿಕೋದ ಮರುಭೂಮಿಯಿಂದ ಅದು ರಾಕೆಟ್ಟಿನ ತುದಿಯಲ್ಲಿ ಕೂತು ಮೇಲೇರಬೇಕು. ಐದೇ ಐದು ನಿಮಿಷ ಒಂದು ನಕ್ಷತ್ರವನ್ನು ನೋಡಿ, ಪ್ಯಾರಾಶೂಟಿನಲ್ಲಿ ಕೆಳಗಿಳಿಯಬೇಕು.

“ಐದು ನಿಮಿಷಕ್ಕೆ ನಾಲ್ಕು ವರ್ಷನಾ?”

“ಏನ್ಮಾಡೋದು ಪುಟ್ಟಿ?” ಎಂದ ಅರ್ಲೊ. “ನಮಗೆ ಬೇಕಾಗಿರೋದು ನೇರಳಾತೀತ ಬೆಳಕು. ಅದನ್ನ ಗಾಳಿ ಮೇಲೇ ನುಂಗಿಬಿಡುತ್ತೆ, ಕೆಳಗೆ ಬಿಡಲ್ಲ. ಅದಕ್ಕೇ ಗಾಳಿ ದಾಟಿ ಹೋಗ್ಬೇಕು. ನೋಡು, ನಕ್ಷತ್ರದ ಬೆಳಕು ಅಂದ್ರೆ ಒಂದು ಉದ್ದ ಬ್ರೆಡ್ಡು ಅಂದ್ಕೊ. ನಕ್ಷತ್ರಗಳ ಮಧ್ಯೆ ಕಣ್ಣಿಗೆ ಕಾಣದ ಅನಿಲ ಇದೆ. ಅದು ಇಲಿ ಥರ ದಾರೀಲಿ ಬ್ರೆಡ್ಡನ್ನ ಅಲ್ಲಲ್ಲಿ ಕಡಿಯುತ್ತೆ. ನಾವು ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿ, ಎಲ್ಲೆಲ್ಲಿ ಕಡಿದಿದೆ ನೋಡಿ, ಇಲಿ ಯಾವುದು, ಎಷ್ಟು ದಪ್ಪ ಅಂತ ಹೇಳ್ತೀವಿ.”

“ಇಲಿ ಹಿಡಿದು ಏನ್ಮಾಡ್ತೀರ?”

“ಆ ಅನಿಲದಿಂದಾನೇ ಹೊಸ ನಕ್ಷತ್ರ ಹುಟ್ಟೋದು. ನಾನು, ನೀನು ಎಲ್ಲಾ ಅದರ ಮೊಮ್ಮಕ್ಕಳೇ.”

ಅರ್ಲೊ ಒಂದು ಪುಟ್ಟ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಒಳಗೆ ಬಿಸ್ಕತ್ತಿನಷ್ಟು ದೊಡ್ಡ ಕನ್ನಡಿ.

“ಇದು ಸಾಕ್ಷಿ ಕನ್ನಡಿ. ಒಳಗೆ ದೂರದರ್ಶಕದ ದೊಡ್ಡ ಕನ್ನಡಿ ಪಕ್ಕದಲ್ಲೇ ಕೂತಿರುತ್ತೆ. ವಾರಕ್ಕೊಂದ್ಸಲ ಇದನ್ನ ಮಾತ್ರ ಹೊರಗೆ ತಂದು ಅಳೀತೀವಿ. ಇದು ಮಂಕಾದ್ರೆ ದೊಡ್ಡದೂ ಮಂಕಾಗಿದೆ ಅಂತ ಅರ್ಥ. ಇದಕ್ಕೆ ಎಣ್ಣೆ ಅಂದ್ರೆ ಆಗಲ್ಲ. ಮುಟ್ಟೋದು ತಪ್ಪು, ಒರೆಸೋದು ಮಹಾ ತಪ್ಪು. ಲೇಪ ಗೀಚಿಹೋಗುತ್ತೆ. ಕಾಫಿ ತರ್ತೀನಿ, ಇಲ್ಲೇ ಕೂತಿರು.”

ಎಣ್ಣೆಯ ಕತೆ ಹೆಟ್ಟಿಗೆ ಗೊತ್ತಿತ್ತು. ಮೂರು ತಿಂಗಳಿಂದ ಅಮ್ಮ ಕೈಗೆ ಕ್ರೀಮ್ ಹಚ್ಚಿರಲಿಲ್ಲ. ಆ ಊರಿನ ಚಳಿಗಾಲದ ಒಣಗಾಳಿಗೆ ಅಮ್ಮನ ಬೆರಳ ಗೆಣ್ಣುಗಳೆಲ್ಲ ಒಡೆದು, ಬ್ಯಾಂಡೇಜು ಸುತ್ತಿಕೊಂಡಿದ್ದರು. ಆದರೆ ಹೆಟ್ಟಿಯ ಕೈಯೂ ಉರಿಯುತ್ತಿತ್ತು. ‘ನಾನೇನು ಒಳಗೆ ಹೋಗಲ್ವಲ್ಲ’ ಎಂದುಕೊಂಡು ಸ್ವಲ್ಪ ಹೊತ್ತಿನ ಮುಂಚೆ ಬಾತ್‌ರೂಮಿನಲ್ಲಿ ಕ್ರೀಮ್ ಹಚ್ಚಿಕೊಂಡಿದ್ದಳು.

ಡಬ್ಬಿಯ ಮುಚ್ಚಳ ತೆಗೆದಳು. ಕನ್ನಡಿಯಲ್ಲಿ ಮೂಗು ನೋಡಿಕೊಂಡಳು. ಇನ್ನೂ ಹತ್ತಿರ ಹಿಡಿಯೋಣವೆಂದು ಎತ್ತಿದಳು. ಹೆಬ್ಬೆರಳು ಸರಿಯಾಗಿ ನಡುವೆ ಒತ್ತಿತು.

ಅಯ್ಯೋ! ಸ್ವೆಟರಿನ ತೋಳಿನಿಂದ ಗಸಗಸ ಒರೆಸಿದಳು. ಮತ್ತೊಮ್ಮೆ ಒರೆಸಿದಳು. ನೋಡಲು ಫಳಫಳ ಹೊಳೆಯುತ್ತಿತ್ತು. ಡಬ್ಬಿ ಮುಚ್ಚಿ, ಪುಸ್ತಕ ತೆರೆದು ಕೂತಳು. ಓದಿದ್ದು ಒಂದಕ್ಷರವೂ ತಲೆಗೆ ಹತ್ತಲಿಲ್ಲ.

ಮೂರು ಗಂಟೆಗೆ ಅಳತೆಯ ಯಂತ್ರದ ಮುಂದೆ ಅಮ್ಮ ಸಾಕ್ಷಿ ಕನ್ನಡಿಯ ಅಂಕಿ ನೋಡುತ್ತ ನಿಂತಿದ್ದರು.

“ಮೂವತ್ತೊಂದು,” ಎಂದರು ಅಮ್ಮ. “ಹೋದ ವಾರ ನೂರಕ್ಕೆ ಎಂಬತ್ತು ಬೆಳಕು ವಾಪಸ್ ಕೊಟ್ಟಿತ್ತು.”

“ಯಂತ್ರ ಕೆಟ್ಟಿರ್ಬೇಕು,” ಎಂದ ಅರ್ಲೊ.

“ಎರಡು ಸಲ ನೋಡ್ದೆ. ದೊಡ್ಡ ಕನ್ನಡಿನೂ ಹೋಯ್ತು ಅರ್ಲೊ. ಪೂರ್ತಿ ಬಿಚ್ಬೇಕು. ಆರು ವಾರ ಬೇಕು. ಐದು ಗಂಟೆ ಒಳಗೆ ಮರುಭೂಮಿಯವರಿಗೆ ಫೋನ್ ಮಾಡಿ, ನಮ್ಮ ಸರದಿ ಬೇರೆಯವರಿಗೆ ಕೊಡಿ ಅಂತ ಹೇಳ್ತೀನಿ. ಮತ್ತೆ ನಮ್ಮ ಸರದಿ ಬರೋದು ಯಾವಾಗ್ಲೋ.”

ಅಮ್ಮ ಅಳಲಿಲ್ಲ. ಅತ್ತಿದ್ದರೇ ಹೆಟ್ಟಿಗೆ ಸುಲಭವಾಗುತ್ತಿತ್ತು.

“ಅಮ್ಮಾ... ನಾನು ಮುಟ್ದೆ.”

ಇಬ್ಬರೂ ತಿರುಗಿದರು. ಬೈಗುಳ ಬೀಳುತ್ತದೆಂದು ಹೆಟ್ಟಿ ಕಣ್ಣು ಮುಚ್ಚಿಕೊಂಡಳು. ಬಿದ್ದದ್ದು ಬರೀ ಪ್ರಶ್ನೆ.

“ಯಾವ ಬೆರಳು?”

“ಹೆಬ್ಬೆರಳು. ಕ್ರೀಮ್ ಹಚ್ಚಿತ್ತು.”

“ಎಷ್ಟು ಸಲ?”

“ಒಂದೇ ಸಲ.”

“ಒರೆಸಿದ್ಯಾ?”

ಮಹಾ ತಪ್ಪು! “ಇಲ್ಲ,” ಎಂದುಬಿಟ್ಟಳು ಹೆಟ್ಟಿ.

ಅಮ್ಮನ ಮುಖ ಒಂದು ಕ್ಷಣ ಅರಳಿ ಮತ್ತೆ ಬಾಡಿತು. “ಹಾಗಿದ್ರೆ ಲೆಕ್ಕ ಸರಿಹೋಗಲ್ಲ. ಹೆಬ್ಬೆರಳಾದ್ರೆ ಒಂದೇ ಕಡೆ ಮಂಕಾಗ್ಬೇಕು. ಇದು ಅಂಚಿನಿಂದ ಅಂಚಿಗೆ ಮಂಕಾಗಿದೆ. ಬೇರೆ ಏನೋ ಆಗಿದೆ.”

ಗೋಡೆ ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಅರ್ಲೊ ಒಂದು ಹಸಿರು ಪುಸ್ತಕವನ್ನು ಅವಳತ್ತ ತಳ್ಳಿದ. “ಮುಟ್ಟಿದವರು ಇದರಲ್ಲಿ ಬರೀಬೇಕು. ಇಲ್ಲಿನ ಪದ್ಧತಿ. ನಿನ್ನದನ್ನ ನೀನೇ ಬರಿ.”

ತಪ್ಪು ಮಾಡಿದವರ ಪಟ್ಟಿ ಎಂದುಕೊಂಡು ಹೆಟ್ಟಿ ಹಾಳೆ ತಿರುವಿದಳು. ಅಮ್ಮನ ಅಕ್ಷರವೇ ಮೊದಲು ಕಂಡಿತು.

‘ಅಕ್ಟೋಬರ್ 9. ಮಾಸ್ಕ್ ಜಾರಿತ್ತು. ಕನ್ನಡಿಯ ಪಕ್ಕದಲ್ಲೇ ಸೀನಿದೆ. ಮರಿಯನ್.’

ಅಮ್ಮ? ಹೆಟ್ಟಿ ಮುಂದೆ ಓದಿದಳು.

‘ನವೆಂಬರ್ 2. ಸ್ಕ್ರೂ ಕೈಜಾರಿ ಒಳಗೆ ಬಿತ್ತು. ಒಂದು ಗಂಟೆ ಹುಡುಕಿ ತೆಗೆದೆ. ಅರ್ಲೊ.’

‘ನವೆಂಬರ್ 3. ನಿನ್ನೆ ಒಂದು ಗಂಟೆ ಎಂದು ಬರೆದದ್ದು ಸುಳ್ಳು. ಆರು ಗಂಟೆ. ಅಷ್ಟು ಹೊತ್ತೂ ಮುಚ್ಚಳ ತೆರೆದಿತ್ತು. ನಾಚಿಕೆಯಾಯಿತು. ಅರ್ಲೊ.’

ಹೆಟ್ಟಿ ಆ ಎರಡು ಸಾಲನ್ನು ಮತ್ತೆ ಓದಿದಳು. ಆನೆಯಂಥ ಅರ್ಲೊ ಸ್ಟೂಲಿನ ಮೇಲೆ ಮುದುಡಿ ಕೂತಿದ್ದ. ಅವಳು ಪೆನ್ನು ತೆಗೆದುಕೊಂಡು ನಿಧಾನವಾಗಿ ಬರೆದಳು. ಬರೆದು ಪುಸ್ತಕವನ್ನು ಅಮ್ಮನ ಮುಂದಿಟ್ಟಳು.

‘ಸಾಕ್ಷಿ ಕನ್ನಡಿಯನ್ನು ಕ್ರೀಮ್ ಹಚ್ಚಿದ ಹೆಬ್ಬೆರಳಿನಿಂದ ಮುಟ್ಟಿದೆ. ಸ್ವೆಟರಿನಿಂದ ಎರಡು ಸಲ ಒರೆಸಿದೆ. ಒರೆಸಿಲ್ಲ ಅಂತ ಅಮ್ಮನಿಗೆ ಹೇಳಿದ್ದು ಸುಳ್ಳು. ಹೆಟ್ಟಿ.’

ಅಮ್ಮ ಓದಿದರು. ಒಮ್ಮೆ ಅವಳನ್ನು ನೋಡಿದರು. ಆಮೇಲೆ, “ಅರ್ಲೊ! ಹಳೇ ಸಾಕ್ಷಿ ಕನ್ನಡಿ ಒಂದು ಇತ್ತಲ್ಲ, ಬೇಡ ಅಂತ ಎತ್ತಿಟ್ಟಿದ್ದು? ತಗೊಂಡ್ಬಾ, ಬೇಗ! ಹೆಟ್ಟಿ, ಎಲ್ಲಿ ಆ ಕ್ರೀಮು? ಬೆಳಗ್ಗೆ ಏನೇನು ಮಾಡಿದ್ಯೋ ಹಾಗ್ಹಾಗೇ ಮಾಡು. ಹೆಚ್ಚೂ ಬೇಡ, ಕಮ್ಮಿನೂ ಬೇಡ,” ಎಂದರು.

ಹಳೆಯ ಕನ್ನಡಿಯನ್ನು ಮೊದಲು ಅಳೆದರು. ಎಪ್ಪತ್ತೊಂಬತ್ತು. ಹೆಟ್ಟಿ ಕ್ರೀಮ್ ಹಚ್ಚಿದಳು. ಒತ್ತಿದಳು. ಎರಡು ಸಲ ಒರೆಸಿದಳು.

“ಇಷ್ಟು ಜೋರಾಗಾ ಒರೆಸಿದ್ದು?” ಎಂದ ಅರ್ಲೊ ಬಾಯಿಬಿಟ್ಟು.

“ಹೆದರ್ಕೊಂಡಿದ್ದೆ.”

ಯಂತ್ರ ಗುಂಯ್ ಎನ್ನುತ್ತ ಇಪ್ಪತ್ತು ನಿಮಿಷ ತೆಗೆದುಕೊಂಡಿತು.

“ಮೂವತ್ತಮೂರು,” ಎಂದ ಅರ್ಲೊ. “ಇದೂ ಅಂಚಿನಿಂದ ಅಂಚಿಗೆ. ಮರಿಯನ್, ದೊಡ್ಡ ಕನ್ನಡಿಗೆ ಏನೂ ಆಗಿಲ್ಲ. ಕ್ರೀಮನ್ನ ಎಲ್ಲಾ ಕಡೆ ಹರಡಿದ್ದು ಈ ಸ್ವೆಟರಿನ ಪ್ರತಾಪ!”

ಐದಕ್ಕೆ ಹನ್ನೆರಡು ನಿಮಿಷ ಇತ್ತು. ಬ್ಯಾಂಡೇಜು ಸುತ್ತಿದ ಬೆರಳಿನಿಂದ ಅಮ್ಮ ನಂಬರ್ ಒತ್ತಿದರು.

“ಬರ್ತಿದ್ದೀವಿ. ಹೂಂ, ಸರದಿ ನಮ್ಮದೇ ಇರ್ಲಿ... ಒಂದು ತೊಂದ್ರೆ ಆಗಿತ್ತು. ಕಾರಣ ಸಿಕ್ತು... ಹೇಗೆ ಅಂದ್ರೆ, ನಮ್ಮ ಲ್ಯಾಬಿನವರೇ ಒಬ್ರು ಬರೆದಿಟ್ಟಿದ್ರು.”

ಹೆಟ್ಟಿ ಹಸಿರು ಪುಸ್ತಕದ ಕಡೆ ನೋಡಿದಳು. ಅಷ್ಟರಲ್ಲಿ ಅಮ್ಮನ ವಿದ್ಯಾರ್ಥಿಗಳಿಬ್ಬರು ಬೂಟಿನ ಹಿಮ ಕೊಡವುತ್ತ ಒಳಗೆ ಬಂದರು. ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಮುಚ್ಚಿಬಿಡಲು ಹೆಟ್ಟಿಯ ಕೈ ಮುಂದಕ್ಕೆ ಹೋಯಿತು. ಮುಚ್ಚಲಿಲ್ಲ. ಅವರಿಗೆ ಓದಲು ಅನುಕೂಲವಾಗಲೆಂದು ಪುಸ್ತಕವನ್ನು ಸ್ವಲ್ಪ ಅವರ ಕಡೆಗೆ ತಿರುಗಿಸಿಟ್ಟಳು.

ಕೇಳಿಯಾಯಿತಲ್ಲ? ನಿಮ್ಮ ಕ್ಲಾಸಿನಲ್ಲಿ ಯಾರಾದರೂ ಏನೋ ತಪ್ಪು ಮಾಡಿ ಬಾಯಿ ಹೊಲಿದುಕೊಂಡು ಪೆಚ್ಚುಮೋರೆ ಹಾಕಿ ಕೂತಿದ್ದರೆ, ಪಕ್ಕದಲ್ಲಿ ಕೂತು ಅವರಿಗೆ ಈ ಕತೆ ಹೇಳಿ. ನನ್ನ ಹೆಸರು ಬೇಕಿಲ್ಲ, ಕತೆ ಮುಂದಕ್ಕೆ ಹೋದರೆ ಸಾಕು.