ಬೀರುವಿನ ಮೇಲಿನ ಆಂಟೆನಾ

"ಇದೇನ್ರೀ ನೀವು ಕೊಟ್ಟಿದ್ದು? ಉಗುರಿನಷ್ಟಿದೆ, ಕೆಲಸಾನೂ ಅಷ್ಟೇ ಮಾಡುತ್ತೆ!"

ಊಟದಲ್ಲಿ ಸಿಕ್ಕ ಕಲ್ಲನ್ನು ತಂದು ತೋರಿಸುವವಳ ಹಾಗೆ ಅವಳು ಆ ಪುಟಾಣಿ ವೈಫೈ ಅಡಾಪ್ಟರನ್ನು ಕೌಂಟರ್ ಮೇಲಿಟ್ಟಳು. ಕಂಪ್ಯೂಟರ್ ಅಂಗಡಿಯವನು ಸ್ಕ್ರೂಡ್ರೈವರ್ ಕೆಳಗಿಟ್ಟು ತಲೆ ಎತ್ತಿದ.

"ಮೊನ್ನೆ ನೀವೇ ತಾನೇ ಮೇಡಂ, ಚಿಕ್ಕದೇ ಸಾಕು, ನೋಡೋಕೆ ಚೆಂದ ಇದೆ ಅಂದಿದ್ದು?"

ಅಂದಿದ್ದಳು. ಅದಕ್ಕೇ ಕೋಪ ಇನ್ನೂ ಹೆಚ್ಚಾಯಿತು.

"ನನ್ನ ಕೆಲಸ ಏನು ಅಂತ ನೀವು ಕೇಳ್ಬೇಕಿತ್ತು. ಕಿವಿ ಕೇಳಿಸದವರಿಗೆ ಕೈಸನ್ನೆಯಲ್ಲಿ ಮಾತು ಮುಟ್ಟಿಸೋಳು ನಾನು. ಸೋಮವಾರ ಆಸ್ಪತ್ರೆ ಕೆಲಸಕ್ಕೆ ಪರೀಕ್ಷೆ, ವಿಡಿಯೋದಲ್ಲಿ. ಡಾಕ್ಟರ್ ಒಂದು ಕಡೆ, ರೋಗಿ ಒಂದು ಕಡೆ, ಮಧ್ಯೆ ನಾನು. 'ಈ ಮಾತ್ರೆ ತಗೋಬೇಡಿ' ಅನ್ನೋವಾಗ 'ತಗೋ' ಹತ್ರಾನೇ ಚಿತ್ರ ನಿಂತು ಹೋದ್ರೆ?"

ಹೇಳುತ್ತಿದ್ದದ್ದು ಬಾಯಿ, ಆದರೆ ಅಭ್ಯಾಸಬಲದಿಂದ ಕೈಗಳೂ ಜೊತೆಗೂಡಿದ್ದವು. ಅವನು ಮುಖ ಬಿಟ್ಟು ಆ ಬೆರಳುಗಳನ್ನೇ ನೋಡುತ್ತಿದ್ದ. ಗಮನಿಸಿದವಳು ಚಟ್ಟನೆ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದಳು.

"ಯಾಕೆ ನಿಲ್ಲಿಸಿದ್ರಿ?" ಎಂದ ಅವನು. ಆಮೇಲೆ ತಾನೇ ನಾಚಿಕೊಂಡು ಒಂದು ಚೀಟಿ ಮುಂದೆ ತಳ್ಳಿದ. "ಮನೆ ನಕ್ಷೆ ಬರೀರಿ. ರೂಟರ್ ಎಲ್ಲಿ, ಸಿಪಿಯು ಎಲ್ಲಿ, ನಡುವೆ ಎಷ್ಟು ಗೋಡೆ."

ಬರೆದಳು. ನಡುವೆ ಇದ್ದದ್ದು ಒಂದೇ ಗೋಡೆ. ಅವನು ಚೀಟಿಯನ್ನು ಉಲ್ಟಾ ಸೀದಾ ತಿರುಗಿಸಿ ನೋಡಿ, ಇಷ್ಟಕ್ಕೆ ಚಿತ್ರ ನಿಲ್ಲಬಾರದಲ್ಲ, ಮಧ್ಯಾಹ್ನ ನಾನೇ ಬಂದು ನೋಡ್ತೀನಿ ಎಂದ.

ಮಧ್ಯಾಹ್ನ ಅವನಿಗೆ ಬಾಗಿಲು ತೆಗೆದದ್ದು ಅವಳ ಅಣ್ಣ. ಹುಟ್ಟಿದಾಗಿನಿಂದ ಅಣ್ಣನಿಗೆ ಕಿವಿ ಕೇಳಿಸದು. ಅವಳ ಕೈಗಳು ಮಾತು ಕಲಿತದ್ದೇ ಅವನಿಗಾಗಿ. ಹಿಂದೊಮ್ಮೆ ಆಸ್ಪತ್ರೆಯಲ್ಲಿ ಅವನ ಹೊಟ್ಟೆ ಕೊಯ್ಯುವಾಗ ಏನು ಮಾಡುತ್ತಿದ್ದೇವೆ ಎಂದು ಒಬ್ಬರೂ ಅವನಿಗೆ ಹೇಳಿರಲಿಲ್ಲ. ಆ ದಿನದ ಅಣ್ಣನ ಕಣ್ಣುಗಳನ್ನು ಅವಳು ಮರೆತಿರಲಿಲ್ಲ. ಈ ಕೆಲಸ ಅವಳಿಗೆ ಬೇಕೇ ಬೇಕಾಗಿತ್ತು.

ಅಂಗಡಿಯವನು ಕೋಣೆಯೊಳಗೆ ಬಂದು ಸುತ್ತ ನೋಡಿದ. ಕುರ್ಚಿಯ ಹಿಂದೆ ಆಳೆತ್ತರದಿಂದ ನೆಲದ ತನಕ ಕಡುನೀಲಿ ಬೆಡ್‌ಶೀಟ್ ಇಳಿಬಿದ್ದಿತ್ತು.

"ಇದೇನು?"

"ಬ್ಯಾಕ್‌ಗ್ರೌಂಡು. ಹಿಂದೆ ಖಾಲಿ ಇದ್ರೇನೇ ಕೈ ಸರಿಯಾಗಿ ಕಾಣೋದು."

ಅವನು ಬೆರಳಿನಿಂದ ಬಡಿದ. ಠಣ್ ಎಂದಿತು. ಬೆಡ್‌ಶೀಟ್ ಎತ್ತಿದರೆ ಬಾಗಿಲಗಲದ ಕಬ್ಬಿಣದ ಬೀರು, ಅದರ ಬೆನ್ನಿಗೆ ಗೋಡೆ, ಗೋಡೆಯಾಚೆ ರೂಟರ್.

"ಮೇಡಂ, ಚೀಟಿಯಲ್ಲಿ ಸಿಗ್ನಲ್ ನುಂಗೋ ಈ ಮಹಾರಾಯ ಇರಲೇ ಇಲ್ಲವಲ್ಲ!"

ಅವಳ ಕಿವಿ ಕೆಂಪಾಯಿತು. ವರ್ಷಗಟ್ಟಲೆ ತನ್ನ ಅಭ್ಯಾಸದ ವಿಡಿಯೋಗಳಲ್ಲಿ ಬರೀ ನೀಲಿ ಬಟ್ಟೆಯನ್ನು ನೋಡಿ ನೋಡಿ, ಅದರೊಳಗೊಂದು ಬೀರು ಇದೆಯೆಂಬುದೇ ಮರೆತುಹೋಗಿತ್ತು. ಅದನ್ನು ಸರಿಸೋಣವೆಂದರೆ ಬೇರೆ ಜಾಗವಿಲ್ಲ.

ಅವನು ನಗಲಿಲ್ಲ. ಅದಕ್ಕಾಗಿ ಅವಳಿಗೆ ಆಗಲೇ ಅವನ ಮೇಲೆ ಪ್ರೀತಿ ಬಂತೆನ್ನಬೇಕು. ಚೀಲದಿಂದ ಇನ್ನೆರಡು ಅಡಾಪ್ಟರ್ ತೆಗೆದ. ಒಂದು ಸಿಪಿಯು ಬೆನ್ನಿಗೇ ಚುಚ್ಚುವಂಥದ್ದು. ಇನ್ನೊಂದು ಒಳಗೆ ಕೂರಿಸುವ ಕಾರ್ಡು, ಅದರ ಎರಡು ಆಂಟೆನಾ ಮಾತ್ರ ಉದ್ದನೆಯ ವೈರಿನ ತುದಿಯಲ್ಲಿ ಹೊರಗೆ.

"ಇದು ಕೊಂಬು ಬಂದ ಹಾಗಿದೆ, ನಿಮಗೆ ಚೆಂದ ಅನ್ಸಲ್ಲ. ಆದ್ರೆ ಸಿಪಿಯು ಮೇಜಿನ ಕೆಳಗೇ ಇರ್ಲಿ, ಕೊಂಬು ಮೇಲೆ ಹತ್ತುತ್ತೆ."

"ಕೊಂಬೇ ಇರ್ಲಿ," ಎಂದಳು. "ಚೆಂದ ನೋಡಿ ಒಂದ್ಸಲ ಕೆಟ್ಟಿದ್ದೀನಿ."

ಕಾರ್ಡು ಕೂರಿಸಿ, ಗೋಡೆಯಂಚಿಗೆ ವೈರು ಎಳೆದು ಅವನು ಆಂಟೆನಾವನ್ನು ಬೀರುವಿನ ತಲೆಯ ಮೇಲಿಟ್ಟ. ಅಡಿಯ ಮ್ಯಾಗ್ನೆಟ್ ಗಟ್ಟಿಯಾಗಿ ಕಚ್ಚಿಕೊಂಡಿತು. ಸ್ಕ್ರೀನಿನಲ್ಲಿ ಸಿಗ್ನಲ್ ತುಂಬಿತು. ಅಣ್ಣ ಚಪ್ಪಾಳೆ ತಟ್ಟಿ, ಎರಡು ಬೆರಳು ತಲೆಯ ಮೇಲಿಟ್ಟು ಅಂಗಡಿಯವನತ್ತ ತೋರಿಸಿದ.

"ಅಣ್ಣ ನಿಮಗೆ ಸನ್ನೆಯಲ್ಲಿ ಹೆಸರು ಕೊಟ್ಟ. ಆಂಟೆನಾ. ಎಲ್ರಿಗೂ ಕೊಡೋನಲ್ಲ ಅವನು."

ಆಂಟೆನಾ ತನ್ನೆರಡು ಬೆರಳನ್ನೂ ತಲೆಯ ಮೇಲಿಟ್ಟು ಗಂಭೀರವಾಗಿ ತಲೆಬಾಗಿದ.

ಸೋಮವಾರದ ಪರೀಕ್ಷೆಯಲ್ಲಿ ಮುಕ್ಕಾಲು ಗಂಟೆ ಅವಳ ಕೈಗಳು ಓಡಿದವು. ಒಮ್ಮೆಯೂ ಚಿತ್ರ ನಿಲ್ಲಲಿಲ್ಲ. ಕೊನೆಗೆ ಆ ಕಡೆಯ ರೋಗಿ, ವಯಸ್ಸಾದ ಹೆಂಗಸು, ಎಲ್ಲ ತಿಳಿಯಿತಮ್ಮಾ ಎಂದು ಸನ್ನೆ ಮಾಡಿದಾಗ ಅವಳು ಎರಡೂ ಕೈ ಜೋಡಿಸಿ ನಮಸ್ಕರಿಸಿದಳು. ಸಂಜೆಯೊಳಗೆ ಕೆಲಸ ಸಿಕ್ಕಿತೆಂದು ಫೋನೂ ಬಂತು.

ಮೊದಲು ಅಣ್ಣನನ್ನು ಅಪ್ಪಿಕೊಂಡಳು. ಆಮೇಲೆ ಅಂಗಡಿಗೆ ವಿಡಿಯೋ ಕಾಲ್ ಮಾಡಿದಳು.

"ಕೆಲಸ ಸಿಕ್ತು ಕಣ್ರೀ! ನಿಮ್ಮ ಉಪಕಾರ ಹೇಗೆ ತೀರಿಸ್ಲಿ?"

ಅವನು ಸ್ಕ್ರೂಡ್ರೈವರ್ ಬದಿಗಿಟ್ಟು, ಅಂಗಿಗೆ ಕೈ ಒರೆಸಿಕೊಂಡು ಒಂದೊಂದೇ ಸನ್ನೆ ಮಾಡಿದ. ಬೆರಳುಗಳು ತಡವರಿಸಿದರೂ ತಪ್ಪಿರಲಿಲ್ಲ: ನಿಮ್ಮ ಕೈಗಳು. ದಿನಾ. ನೋಡಬೇಕು. ಬಾಳೆಲ್ಲ.

ಮನೆಯಲ್ಲಿ ಒಂದೇ ಕಂಪ್ಯೂಟರ್, ಅದಕ್ಕೆ ಒಳ್ಳೆಯ ಮೌಸೂ ಇದೆ. ಹಾಗಿದ್ದೂ ಎರಡು ದಿನದಿಂದ ಅಣ್ಣ ಅಂಗಡಿಗೆ ಮೌಸ್ ತರಲು ಯಾಕೆ ಹೋಗುತ್ತಿದ್ದನೆಂದು ಅವಳಿಗೆ ಈಗ ಗೊತ್ತಾಯಿತು. ಇಷ್ಟು ವರ್ಷ ಈ ಕೈಗಳು ದಾಟಿಸಿದ್ದು ಬೇರೆಯವರ ಮಾತನ್ನು. ಅವಳಿಗೆಂದೇ, ಅವಳದೇ ಭಾಷೆಯಲ್ಲಿ, ಅಣ್ಣನನ್ನು ಬಿಟ್ಟರೆ ಯಾರೂ ಇಷ್ಟು ಕಷ್ಟಪಟ್ಟು ಮಾತಾಡಿರಲಿಲ್ಲ. ಅವಳು ಕದಲದೆ ಕುಳಿತುಬಿಟ್ಟಳು.

ಅವನ ಮುಖ ಬಾಡಿತು. ಕ್ಯಾಮೆರಾದ ಹತ್ತಿರ ಬಂದು ಕಳವಳದಿಂದ ಕೇಳಿದ: "ಮೇಡಂ? ಮತ್ತೆ ಚಿತ್ರ ನಿಂತು ಹೋಯ್ತಾ?"

ಅವಳು ಕಣ್ಣು ಒರೆಸಿಕೊಂಡು ನಕ್ಕಳು. ನೀಲಿ ಬಟ್ಟೆಯ ಮುಂದೆ ಅವಳ ಎರಡೂ ಕೈ ಮೇಲೆದ್ದವು. ಅವನಿಗೆ ಅರ್ಥವಾಗಲೆಂದು ನಿಧಾನವಾಗಿ ಹೇಳಿದಳು: ನಿಂತಿಲ್ಲ. ನಾಳೆ ಮನೆಗೆ ಬಾ.